ಹಳೆ ಡೀಸೆಲ್ ಲೋಕೋಗೆ ಹೊಸ ಎಂಜಿನ್: ಯಾರಿಗೆ ಯಾವುದು ಸರಿ?

ಡೀಸೆಲ್ ಲೋಕೋದ, ಅಂದರೆ ರೈಲು ಎಳೆಯುವ ಇಡೀ ಗಾಡಿಯ, ಎಲ್ಲ ಭಾಗಗಳಿಗೂ ಒಂದೇ ಆಯಸ್ಸು ಇರುವುದಿಲ್ಲ. ಕೆಳಗಿನ ಉಕ್ಕಿನ ಚೌಕಟ್ಟನ್ನು ಸರಿಯಾಗಿ ನೋಡಿಕೊಂಡರೆ ಐವತ್ತು ವರ್ಷವೂ ಬಾಳುತ್ತದೆ. ಚಕ್ರ, ಆಕ್ಸಲ್ ಹಿಡಿದಿಡುವ ಬೋಗಿಯೂ ಅಷ್ಟೇ ಗಟ್ಟಿ. ಮೊದಲು ಸೋಲುವುದು ಎಂಜಿನ್, ಅದರ ಹಿಂದೆಯೇ ವೈರಿಂಗ್. ಸೋಲುವುದು ಅಂದರೆ ಕೆಟ್ಟು ನಿಲ್ಲುವುದು ಅಂತಲೇ ಅಲ್ಲ. ಡೀಸೆಲ್ ಜಾಸ್ತಿ ಕುಡಿಯುತ್ತದೆ, ಲ್ಯೂಬ್ ಆಯಿಲ್ ಸೋರುತ್ತದೆ, ಬಿಡಿಭಾಗ ಸಿಗುವುದಿಲ್ಲ, ಹೊಗೆಯನ್ನು ಕಾನೂನು ಒಪ್ಪುವುದಿಲ್ಲ. ಹಾಗಾಗಿ ಚೌಕಟ್ಟು ಉಳಿಸಿಕೊಂಡು ಎಂಜಿನ್ ಬದಲಿಸುವ ಕೆಲಸ ಎಷ್ಟೋ ದೇಶಗಳಲ್ಲಿ ನಡೆಯುತ್ತಲೇ ಇದೆ. ಅಂಬಾಸಿಡರ್ ಕಾರಿಗೆ ಇಸುಜು ಎಂಜಿನ್ ಕೂರಿಸಿದ ಹಾಗೆ ಅಂದುಕೊಳ್ಳಿ. ಇಲ್ಲಿ ಎಂಜಿನ್ ಒಂದೇ ಹದಿನೈದಿಪ್ಪತ್ತು ಟನ್ ತೂಗುತ್ತದೆ, ಅಷ್ಟೇ ವ್ಯತ್ಯಾಸ.

ದಾರಿಗಳು ಹಲವು. ಇದ್ದ ಎಂಜಿನ್ನಿನ ಒಳಭಾಗವನ್ನೇ ಹೊಸದು ಮಾಡಬಹುದು. ಬೇರೆ ಕಂಪನಿಯ ದೊಡ್ಡ ಎಂಜಿನ್ ತರಬಹುದು. ಹಗುರವಾದ, ಜೋರಾಗಿ ತಿರುಗುವ ಎಂಜಿನ್ ಹಾಕಬಹುದು. ಒಂದರ ಬದಲು ಮೂರು ಸಣ್ಣ ಎಂಜಿನ್ ಇಡಬಹುದು. ಡೀಸೆಲ್ಲೇ ಬೇಡ ಅಂತ ಕರೆಂಟಿಗೆ ಬದಲಾಯಿಸಲೂಬಹುದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕಾಗದದ ಮೇಲೆ ಯಾವ ಎಂಜಿನ್ ಚೆನ್ನಾಗಿದೆ ಅನ್ನುವುದಕ್ಕಿಂತ ನಿಮ್ಮ ಶೆಡ್ಡಿನ (ಲೋಕೋ ನೋಡಿಕೊಳ್ಳುವ ಜಾಗ) ಫಿಟ್ಟರ್‌ಗಳಿಗೆ ಯಾವುದು ಗೊತ್ತು ಅನ್ನುವುದೇ ಮುಖ್ಯ. ಇದುವರೆಗಿನ ಉದಾಹರಣೆಗಳೂ ಬಹುಪಾಲು ಅದನ್ನೇ ತೋರಿಸುತ್ತವೆ. ಇದಕ್ಕೆ ಒಂದು ಅಪವಾದವಿದೆ, ಅದೂ ಮುಂದೆ ಬರುತ್ತದೆ.

ಮೊದಲು ಲೋಕೋದ ದಿನಚರಿ ನೋಡಿ

ಪವರ್ ಏರಿಸುವ ಕೊನೆಯ ಮೆಟ್ಟಿಲಾದ ಎಂಟನೇ ನಾಚ್‌ನಲ್ಲಿ ಗಂಟೆಗಟ್ಟಲೆ ಗೂಡ್ಸ್ ಎಳೆಯುವ ಲೋಕೋನೇ ಬೇರೆ, ಯಾರ್ಡಿನಲ್ಲಿ ಹತ್ತು ವ್ಯಾಗನ್ ತಳ್ಳಿ ಮತ್ತೆ ಅರ್ಧ ಗಂಟೆ ಸುಮ್ನೆ ನಿಲ್ಲುವ ಲೋಕೋನೇ ಬೇರೆ. ಎರಡನೆಯದು ದಿನದ ಹೆಚ್ಚು ಹೊತ್ತು ಐಡಲ್‌ನಲ್ಲೇ ಇರುತ್ತದೆ. ಆಫ್ ಮಾಡಿದರೆ ಆಯಿತಲ್ವಾ ಅಂದರೆ, ದೊಡ್ಡ ಎಂಜಿನ್ನನ್ನು ಆಫ್ ಮಾಡಲು ಯಾರಿಗೂ ಧೈರ್ಯವಿರುವುದಿಲ್ಲ. ಬ್ಯಾಟರಿ ಇಳಿದು ಮತ್ತೆ ಸ್ಟಾರ್ಟ್ ಆಗದಿದ್ದರೆ? ಬ್ರೇಕ್ ಪೈಪಿನ ಗಾಳಿ ಇಳಿದರೆ? ಹಾಗಾಗಿ ಅದು ಗುಡುಗುಡು ಅನ್ನುತ್ತಲೇ ಇರುತ್ತದೆ.

ಮುಖ್ಯ ಎಂಜಿನ್ ಐಡಲ್‌ನಲ್ಲಿ ಗಂಟೆಗೆ ಸುಮಾರು 20ರಿಂದ 25 ಲೀಟರ್ ಡೀಸೆಲ್ ಸುಡುತ್ತದೆ. ಇದಕ್ಕೆ ಭಾರತೀಯ ರೈಲ್ವೆ ಕಂಡುಕೊಂಡ ಅಗ್ಗದ ಉಪಾಯ ಎಪಿಯು. ಇದೊಂದು ಪುಟ್ಟ ಸಹಾಯಕ ಎಂಜಿನ್, 25 ಎಚ್‌ಪಿಯದು. ಲೋಕೋ ನಿಂತಾಗ ದೊಡ್ಡದು ತಾನಾಗೇ ಆಫ್ ಆಗುತ್ತದೆ, ಪುಟ್ಟದು ಬ್ಯಾಟರಿ ಚಾರ್ಜ್ ಮಾಡುತ್ತಾ ಗಾಳಿ ತುಂಬುತ್ತಾ ಇರುತ್ತದೆ. ಖರ್ಚು ಗಂಟೆಗೆ ಸುಮಾರು 3 ಲೀಟರ್. ನಿಮ್ಮ ಲೋಕೋ ದಿನಕ್ಕೆ ಹತ್ತು ಗಂಟೆ ಸುಮ್ನೆ ನಿಲ್ಲುತ್ತದೆ ಅಂದರೆ ಉಳಿಕೆ 170ರಿಂದ 220 ಲೀಟರ್. ಎಂಜಿನ್ ಬದಲಿಸುವ ಮಾತು ಎತ್ತುವ ಮೊದಲು ಈ ಲೆಕ್ಕ ಹಾಕಿ. ಎಷ್ಟೋ ಕಡೆ ಕಥೆ ಇಲ್ಲಿಗೇ ಮುಗಿಯುತ್ತದೆ.

ಇನ್ನೊಂದು ಪ್ರಶ್ನೆಯನ್ನೂ ಮೊದಲೇ ಕೇಳಿಕೊಳ್ಳಬೇಕು. ದೂರು ಏನು? "ಡೀಸೆಲ್ ಜಾಸ್ತಿ ಕುಡಿಯುತ್ತದೆ" ಅಂತಲೋ, "ಎಳೆಯುವುದಿಲ್ಲ" ಅಂತಲೋ? ಎಳೆಯುವುದಿಲ್ಲ ಅನ್ನುವುದಕ್ಕೆ ಹೊಸ ಎಂಜಿನ್ ಮದ್ದಲ್ಲ. ನಿಂತಲ್ಲಿಂದ ಎಳೆಯುವ ಬಲ ಬರುವುದು ಲೋಕೋದ ತೂಕ ಮತ್ತು ಎಂಜಿನ್ ತಯಾರಿಸುವ ಕರೆಂಟಿನಿಂದ ಚಕ್ರ ತಿರುಗಿಸುವ ಟ್ರಾಕ್ಷನ್ ಮೋಟಾರ್‌ಗಳಿಂದ. ಎಂಜಿನ್ ಪವರ್ ಹೆಚ್ಚಿಸಿದರೆ ವೇಗ ಹೆಚ್ಚುತ್ತದೆ, ಆರಂಭದ ಎಳೆತ ಹೆಚ್ಚುವುದಿಲ್ಲ. ಭಾರತೀಯ ರೈಲ್ವೆಯ ಹಳೆ ಲೋಕೋ ಡಬ್ಲ್ಯುಡಿಎಂ-2ರ ತೂಕ 112.8 ಟನ್, ಆರಂಭದ ಎಳೆತ ಸುಮಾರು 30 ಟನ್. ಎಸಿ ಮೋಟಾರಿನ ಡಬ್ಲ್ಯುಡಿಜಿ-4 ತೂಕ 126 ಟನ್, ಎಳೆತ ಸುಮಾರು 54 ಟನ್. ತೂಕ ಹೆಚ್ಚಿದ್ದು ಬರೀ 13 ಟನ್, ಎಳೆತ ಹೆಚ್ಚಿದ್ದು ಹತ್ತಿರ ಹತ್ತಿರ ಎರಡು ಪಟ್ಟು. 50ಕ್ಕೆ 1ರ ಏರಿನ ಸಕಲೇಶಪುರ ಘಾಟಿಯಲ್ಲೂ, 37ಕ್ಕೆ 1ರ ಏರಿನ ಕ್ಯಾಸಲ್ ರಾಕ್–ಕುಳೆಂ ಘಾಟಿಯಲ್ಲೂ ಹುಬ್ಬಳ್ಳಿ ಶೆಡ್ಡಿನ ಈ ಲೋಕೋಗಳು ಹೆಸರು ಮಾಡಿದ್ದು ಅದಕ್ಕೇ. ಅಮೆರಿಕದ ನಾರ್ಫೋಕ್ ಸದರ್ನ್ ಕಂಪನಿಗೆ ಇದು ಚೆನ್ನಾಗಿ ಗೊತ್ತಿತ್ತು. ಡ್ಯಾಶ್-9 ಲೋಕೋಗಳನ್ನು ಮರುನಿರ್ಮಿಸುವಾಗ ಅವುಗಳಲ್ಲಿದ್ದ ಜಿಇ ಕಂಪನಿಯ ಎಫ್‌ಡಿಎಲ್ ಎಂಜಿನ್ನನ್ನೇ ಉಳಿಸಿಕೊಂಡು ಡಿಸಿ ಮೋಟಾರ್‌ಗಳನ್ನು ಕಿತ್ತು ಎಸಿ ಮೋಟಾರ್ ಹಾಕಿದರು.

ಅದೇ ಎಂಜಿನ್, ಒಳಗೆ ಹೊಸ ಸಾಮಾನು

ಈ ದಾರಿಗೆ ನಮ್ಮ ದೇಶಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಅಮೆರಿಕದ ಆಲ್ಕೋ ಕಂಪನಿಯ ಡಬ್ಲ್ಯುಡಿಎಂ-2 ಇಲ್ಲಿಗೆ ಬಂದದ್ದು 1962ರಲ್ಲಿ. ವಾರಾಣಸಿಯ ಡಿಎಲ್‌ಡಬ್ಲ್ಯು ಕಾರ್ಖಾನೆ 1964ರಲ್ಲಿ ಅದನ್ನು ಇಲ್ಲೇ ತಯಾರಿಸಲು ಶುರು ಮಾಡಿತು. 16 ಸಿಲಿಂಡರಿನ ಆಲ್ಕೋ 251 ಎಂಜಿನ್, 2,600 ಎಚ್‌ಪಿ. ಮಜಾ ಏನೆಂದರೆ ಆಲ್ಕೋ ಕಂಪನಿ 1969ರಲ್ಲೇ ಲೋಕೋ ಮಾಡುವುದನ್ನು ನಿಲ್ಲಿಸಿಬಿಟ್ಟಿತು. ತಾಯಿ ಕಂಪನಿ ಹೋದರೂ ಎಂಜಿನ್ ನಮ್ಮಲ್ಲಿ ದಶಕಗಟ್ಟಲೆ ಬೆಳೆಯಿತು.

ಬೆಳೆಸಿದ್ದು ಹೇಗೆ? ಲೋಕೋದ ಆಯಸ್ಸು 36 ವರ್ಷ ಅಂತ ಲೆಕ್ಕ. ಅರ್ಧ ದಾರಿಯಲ್ಲಿ, ಅಂದರೆ ಸುಮಾರು 18 ವರ್ಷಕ್ಕೆ, ಪಟಿಯಾಲಾದ ಕಾರ್ಖಾನೆಗೆ ಕಳಿಸುತ್ತಿದ್ದರು. 1981ರಲ್ಲಿ ಬಿಡಿಭಾಗಗಳ ಕಾರ್ಖಾನೆಯಾಗಿ ಶುರುವಾದ ಅದಕ್ಕೆ 2003ರಲ್ಲಿ ಡೀಸೆಲ್ ಲೋಕೋ ಆಧುನೀಕರಣ ಕಾರ್ಖಾನೆ ಅಂತಲೇ ಹೆಸರಾಯಿತು. ಅಲ್ಲಿ ಲೋಕೋವನ್ನು ಚೌಕಟ್ಟಿನ ತನಕ ಬಿಚ್ಚುತ್ತಿದ್ದರು. ಎಂಜಿನ್ ಬ್ಲಾಕ್ ಅದೇ ಮಾದರಿಯದು. ಅದಕ್ಕೆ ಗಾಳಿ ಒತ್ತಿ ತುಂಬುವ ಹೆಚ್ಚು ದಕ್ಷತೆಯ ಟರ್ಬೋ, ಆ ಗಾಳಿ ತಣಿಸುವ ದೊಡ್ಡ ಆಫ್ಟರ್‌ಕೂಲರ್, 17 ಮಿ.ಮೀ. ಇಂಧನ ಪಂಪ್, ಗಟ್ಟಿಯಾದ ಕ್ಯಾಮ್‌ಶಾಫ್ಟ್, ಉಕ್ಕಿನ ತಲೆಯ ಪಿಸ್ಟನ್. ಹಳೆ ಡಿಸಿ ಜನರೇಟರ್ ಹೋಗಿ ಆಲ್ಟರ್ನೇಟರ್ ಮತ್ತು ರೆಕ್ಟಿಫೈಯರ್ ಬಂತು. ರಿಲೇಗಳ ಕಪಾಟಿನ ಜಾಗದಲ್ಲಿ ಮೈಕ್ರೋಪ್ರೊಸೆಸರ್ ಕಂಟ್ರೋಲ್ ಬಂತು. ಹೊರಗೆ ಬರುವಾಗ ಅದು 3,100 ಎಚ್‌ಪಿಯ ಡಬ್ಲ್ಯುಡಿಎಂ-3ಎ.

500 ಎಚ್‌ಪಿ ಹೆಚ್ಚಾಯಿತು ಅನ್ನುವುದು ಸುದ್ದಿಗೆ ಚೆಂದ. ನನಗೆ ಮುಖ್ಯ ಅನಿಸುವುದು ಬೇರೆ. ಗುಂತಕಲ್, ಗೂಟಿ, ನಮ್ಮ ಕೃಷ್ಣರಾಜಪುರ, ಹೀಗೆ ಯಾವ ಶೆಡ್ಡಿಗೆ ಕಳಿಸಿದರೂ ಅಲ್ಲಿನವರಿಗೆ ಹೊಸದಾಗಿ ಕಲಿಯಬೇಕಾದ್ದು ಕಡಿಮೆ. ಹೆಡ್ ಬಿಚ್ಚುವ ಸ್ಪ್ಯಾನರ್ ಅದೇ. ಲೈನರ್ ಎಳೆಯುವ ಪುಲ್ಲರ್ ಅದೇ. ಸದ್ದು ಕೇಳಿಯೇ ಯಾವ ಸಿಲಿಂಡರ್ ತಪ್ಪುತ್ತಿದೆ ಅಂತ ಹೇಳುವ ಹಿರಿಯ ಮೇಸ್ತ್ರಿಯ ಅನುಭವವೂ ವ್ಯರ್ಥವಾಗಲಿಲ್ಲ.

ಇದರ ಕೊರತೆಯನ್ನೂ ಹೇಳಬೇಕು. ಆಲ್ಕೋ ಎಷ್ಟು ಸುಧಾರಿಸಿದರೂ ಆಲ್ಕೋನೇ. ನಾಚ್ ಏರಿಸಿದಾಗ ಟರ್ಬೋ ವೇಗ ಹಿಡಿಯುವ ತನಕ ಕಪ್ಪು ಹೊಗೆ ಉಗುಳುತ್ತದೆ. ರೈಲು ಅಭಿಮಾನಿಗಳಿಗೆ ಅದೇ ಇಷ್ಟ, ಹಳಿ ಪಕ್ಕದ ಮನೆಯವರಿಗೆ ಅಲ್ಲ. ಡೀಸೆಲ್ ಉಳಿತಾಯಕ್ಕೂ ಒಂದು ಮಿತಿ ಇದೆ.

ಇದೇ ದಾರಿಯ ಇನ್ನೊಂದು ದೊಡ್ಡ ಉದಾಹರಣೆ ಅಮೆರಿಕದ ರೈಲು ಕಂಪನಿ ಯೂನಿಯನ್ ಪೆಸಿಫಿಕ್. 2022ರಲ್ಲಿ ಅದು 600 ಹಳೆ ಲೋಕೋಗಳನ್ನು ಆಧುನಿಕಗೊಳಿಸಲು ಲೋಕೋ ತಯಾರಿಸುವ ವಾಬ್‌ಟೆಕ್‌ಗೆ 100 ಕೋಟಿ ಡಾಲರಿಗೂ ಹೆಚ್ಚಿನ ಆರ್ಡರ್ ಕೊಟ್ಟಿತು. ಭಾಗಿಸಿದರೆ ಒಂದಕ್ಕೆ 16–17 ಲಕ್ಷ ಡಾಲರ್. ಇಂಧನದಲ್ಲಿ 18 ಶೇಕಡಾವರೆಗೆ ಉಳಿತಾಯ ಅಂತ ಕಂಪನಿ ಹೇಳಿತು. ಅಷ್ಟು ದುಡ್ಡಿದ್ದವರು ಕೂಡ ಎಂಜಿನ್ನಿನ ಮನೆತನ ಬದಲಿಸಲಿಲ್ಲ ನೋಡಿ. ಎಫ್‌ಡಿಎಲ್ ಎಂಜಿನ್ನೇ ಸುಧಾರಣೆಯಾಗಿ ಮತ್ತೆ ಒಳಗೆ ಕೂತಿತು.

ಬೇರೆ ದೊಡ್ಡ ಎಂಜಿನ್ ತರುವುದು

ಸುಮಾರು 900ರಿಂದ 1,000 ಆರ್‌ಪಿಎಂ ತಿರುಗುವ ದೊಡ್ಡ, ಭಾರದ ಎಂಜಿನ್ನಿಗೆ ಮಧ್ಯಮ ವೇಗದ್ದು ಅನ್ನುತ್ತಾರೆ. ಒಂದನ್ನು ಇಳಿಸಿ ಅಂಥದ್ದೇ ಇನ್ನೊಂದನ್ನು ಕೂರಿಸುವುದು ಈ ದಾರಿ. ಸುಲಭವಾಗಿ ಆಗುವುದು ಒಂದೇ ಕಂಪನಿಯ ಹಳೆಯದು–ಹೊಸದು ಜೋಡಿಯಲ್ಲಿ. ಲೋಕೋ ತಯಾರಿಸುವ ಅಮೆರಿಕದ ಇಎಂಡಿ ಕಂಪನಿ ಇದನ್ನು ಇಕೋ ಅನ್ನುವ ಹೆಸರಿನಲ್ಲಿ ಮಾರಿತು. ಹಳೆ ಜಿಪಿ38-2 ಲೋಕೋದಲ್ಲಿ 16 ಸಿಲಿಂಡರಿನ 645 ಎಂಜಿನ್ 2,000 ಎಚ್‌ಪಿ ಕೊಡುತ್ತಿತ್ತು, ಟರ್ಬೋ ಇಲ್ಲದೆ. ಹೊಸ 710 ಎಂಜಿನ್ 8 ಸಿಲಿಂಡರಿನಲ್ಲೇ, ಟರ್ಬೋ ಜೊತೆ, ಅದೇ 2,000 ಎಚ್‌ಪಿ ಕೊಡುತ್ತದೆ. ಎಸ್‌ಡಿ40-2ರಲ್ಲಿ 16ರ ಬದಲು 12 ಸಿಲಿಂಡರ್, ಪವರ್ ಅದೇ 3,000. ಎರಡೂ ಟೂ-ಸ್ಟ್ರೋಕ್, ಎರಡರ ಮೂಲ ವಿನ್ಯಾಸವೂ ಒಂದೇ. 645 ಗೊತ್ತಿದ್ದ ಶೆಡ್ಡಿಗೆ 710 ಅಪರಿಚಿತ ಅಲ್ಲವೇ ಅಲ್ಲ. ಕೆನಡಿಯನ್ ಪೆಸಿಫಿಕ್ ರೈಲು ಕಂಪನಿ ಇಂಥವನ್ನು ನೂರರ ಲೆಕ್ಕದಲ್ಲಿ ತೆಗೆದುಕೊಂಡಿತು. ಈ ದಾರಿಗಳಲ್ಲಿ ತಲೆನೋವು ಕಡಿಮೆಯದು ಇದೇ ಅನ್ನುತ್ತೇನೆ.

ಕಂಪನಿಯನ್ನೇ ಬದಲಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಬ್ರಿಟನ್ನಿನ ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

1998ರಲ್ಲಿ ಬ್ರಷ್ ಕಂಪನಿ 1960ರ ದಶಕದ ಕ್ಲಾಸ್ 47 ಲೋಕೋಗಳ ಸುಲ್ಜರ್ ಎಂಜಿನ್ ಕಿತ್ತು, ರಿಪೇರಿ ಮಾಡಿದ ಸೆಕೆಂಡ್‌ಹ್ಯಾಂಡ್ ಇಎಂಡಿ 645 ಎಂಜಿನ್ ಹಾಕಿತು. 2,500 ಎಚ್‌ಪಿ. ಹೊಸ ಹೆಸರು ಕ್ಲಾಸ್ 57. ಕ್ಲಾಸ್ 47 ಒಟ್ಟು 512 ಇದ್ದವು, ಬದಲಾದದ್ದು 33 ಮಾತ್ರ. ಯಾಕೆ ನಿಂತಿತು? ಅದೇ ಹೊತ್ತಿಗೆ ಕೆನಡಾದಿಂದ ಹೊಚ್ಚಹೊಸ ಕ್ಲಾಸ್ 66 ಸಾಲುಸಾಲಾಗಿ ಬರುತ್ತಿತ್ತು. ಹೊಸ ಬೋಗಿ, ಹೊಸ ಮೋಟಾರ್, ಹೊಸ ಚೌಕಟ್ಟು. 57ರಲ್ಲಿ ಎಂಜಿನ್ ಬಿಟ್ಟರೆ ಮಿಕ್ಕಿದ್ದು ಮೂವತ್ತು ವರ್ಷ ಹಳೆಯದು. ಗೂಡ್ಸ್ ಕಂಪನಿಗಳು ಹೊಸದನ್ನೇ ಕೊಂಡವು.

ಎರಡು ದಶಕದ ಮೇಲೆ ಚಿತ್ರ ತಿರುಗಿತು. ಯುರೋಪಿನ ಹೊಗೆ ನಿಯಮ ಬಿಗಿಯಾಗಿ ಹೊಸ ಕ್ಲಾಸ್ 66 ಕಟ್ಟಿಸುವ ಹಾಗಿರಲಿಲ್ಲ. ಬ್ರಿಟನ್ನಿನ ಕೊನೆಯದು 2016ರಲ್ಲಿ ಬಂತು. ಜಿಬಿ ರೈಲ್‌ಫ್ರೈಟ್ ಕಂಪನಿಗೆ ಲೋಕೋ ಬೇಕಿತ್ತು. ಅವರು ಹಳೆ ಕ್ಲಾಸ್ 56 ಚೌಕಟ್ಟುಗಳನ್ನು ಹುಡುಕಿ ತಂದು, ಅದರಲ್ಲಿ 12 ಸಿಲಿಂಡರಿನ ಇಎಂಡಿ 710 ಕೂರಿಸಿದರು. ಅದೇ ಕ್ಲಾಸ್ 69, ಮೊದಲನೆಯದು 2021ರಲ್ಲಿ ಬಂತು. 66ರಲ್ಲಿ ಇದ್ದದ್ದೂ 710 ಎಂಜಿನ್ನೇ. ಅವರ ಸ್ಟೋರಿನಲ್ಲಿದ್ದ ಬಿಡಿಭಾಗವೇ ಇದಕ್ಕೂ ನಡೆಯುತ್ತದೆ, ಅವರ ಫಿಟ್ಟರ್‌ಗಳೇ ಇದನ್ನೂ ನೋಡಿಕೊಳ್ಳುತ್ತಾರೆ.

ಮರುನಿರ್ಮಾಣ ಅಗ್ಗವೋ ಹೊಸದು ಅಗ್ಗವೋ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಆ ಹೊತ್ತಿನ ಮಾರುಕಟ್ಟೆ ಮತ್ತು ಕಾನೂನು ನೋಡಬೇಕು. ಅಮೆರಿಕದಲ್ಲೂ ಇಂಥದ್ದೇ ಇದೆ. 2015ರಿಂದ ಹೊಸ ಲೋಕೋಗೆ ಟಿಯರ್-4 ನಿಯಮ, ಬಹಳ ಕಠಿಣ. ಹಳೆಯದನ್ನು ಮರುನಿರ್ಮಿಸಿದರೆ ಅಷ್ಟು ಬಿಗಿ ಇಲ್ಲ. 1973ಕ್ಕೆ ಮೊದಲು ಕಟ್ಟಿದ್ದಕ್ಕಂತೂ ಮರುನಿರ್ಮಾಣದ ನಿಯಮದಿಂದ ವಿನಾಯಿತಿಯೇ ಇದೆ. ಹಳೆ ಚೌಕಟ್ಟಿಗೆ ಅಲ್ಲಿ ಬೆಲೆ ಬಂದದ್ದಕ್ಕೆ ಇದೂ ಒಂದು ಕಾರಣ.

ನಮ್ಮಲ್ಲಿ ಆಲ್ಕೋ ತೆಗೆದು ಇಎಂಡಿ ಹಾಕುವ ದಾರಿಯನ್ನು ರೈಲ್ವೆ ಹಿಡಿಯಲಿಲ್ಲ. ಇಎಂಡಿ ಬೇಕೆಂದಾಗ ಇಡೀ ಲೋಕೋವನ್ನೇ ಹೊಸದಾಗಿ ತಂದರು. ಅವುಗಳಿಗೆ ಹುಬ್ಬಳ್ಳಿಯಲ್ಲಿ ದೇಶದ ಮೊದಲ ಇಎಂಡಿ ಶೆಡ್ ಸಜ್ಜಾಯಿತು. ನನ್ನ ಮಟ್ಟಿಗೆ ಅದು ಜಾಣತನ. ಇಎಂಡಿಯಲ್ಲಿ ಹೆಡ್, ಲೈನರ್, ಪಿಸ್ಟನ್, ಕನೆಕ್ಟಿಂಗ್ ರಾಡ್ ಎಲ್ಲವನ್ನೂ ಪವರ್ ಅಸೆಂಬ್ಲಿ ಅಂತ ಒಂದೇ ಗಂಟಾಗಿ ಎತ್ತಿ ಇನ್ನೊಂದನ್ನು ಇಳಿಸಬಹುದು. ಆಲ್ಕೋದಲ್ಲಿ ಒಂದೊಂದಾಗಿ ಬಿಚ್ಚಬೇಕು. ಕೆಲಸದ ರೀತಿಯೇ ಬೇರೆ. ಎರಡನ್ನೂ ಒಂದೇ ಶೆಡ್ಡಿನಲ್ಲಿ ಕಲಸಿದರೆ ಸ್ಟೋರೂ ಎರಡಾಗುತ್ತದೆ, ತರಬೇತಿಯೂ ಎರಡಾಗುತ್ತದೆ.

ಹಗುರವಾದ ಹೈ-ಸ್ಪೀಡ್ ಎಂಜಿನ್

1,500ರಿಂದ 1,800 ಆರ್‌ಪಿಎಂ ತಿರುಗುವ ಎಂಟಿಯು 4000, ಕ್ಯಾಟರ್‌ಪಿಲ್ಲರ್ 3512, ಕಮ್ಮಿನ್ಸ್ ಎಂಜಿನ್‌ಗಳು ಈ ಗುಂಪಿನವು. ಅಷ್ಟೇ ಪವರ್, ಅರ್ಧದಷ್ಟು ತೂಕ. ಹಡಗು, ಗಣಿ ಲಾರಿ, ಜನರೇಟರ್ ಎಲ್ಲದಕ್ಕೂ ಇವೇ ಹೋಗುವುದರಿಂದ ಬಿಡಿಭಾಗದ ಚಿಂತೆ ಕಡಿಮೆ.

ಒಂದೇ ಗಾಡಿಗೆ ನಾಲ್ಕು ಬೇರೆ ಬೇರೆ ಎಂಜಿನ್ ಹಾಕಿ ಪರೀಕ್ಷೆ ಮಾಡಿದ ಅಪರೂಪದ ಉದಾಹರಣೆ ಬ್ರಿಟನ್ನಿನ ಎಚ್‌ಎಸ್‌ಟಿ. 1976ರಿಂದ ಗಂಟೆಗೆ 200 ಕಿ.ಮೀ. ವೇಗದಲ್ಲಿ ಓಡಿದ ರೈಲು ಅದು. ಎರಡು ತುದಿಗೂ ಒಂದೊಂದು ಪವರ್ ಕಾರ್. ಪ್ರತಿಯೊಂದರಲ್ಲೂ ಪ್ಯಾಕ್ಸ್‌ಮನ್ ವ್ಯಾಲೆಂಟಾ ಎಂಜಿನ್, 12 ಸಿಲಿಂಡರ್, 2,250 ಎಚ್‌ಪಿ. ಅದರ ಟರ್ಬೋ ಕಿರುಚಾಟಕ್ಕೆ ಇವತ್ತಿಗೂ ಅಭಿಮಾನಿಗಳಿದ್ದಾರೆ. ಹೊಗೆ, ಕೂಲಿಂಗ್ ತೊಂದರೆ, ದುಬಾರಿ ನಿರ್ವಹಣೆ ಇವೂ ಅದರ ಹೆಸರಿಗೆ ಅಂಟಿಕೊಂಡವು.

1980ರ ದಶಕದಲ್ಲಿ ನಾಲ್ಕು ಪವರ್ ಕಾರ್‌ಗಳಿಗೆ ಮಿರ್ಲೀಸ್ ಎಂಬಿ190 ಹಾಕಿ ನೋಡಿದರು. ಒಗ್ಗಲಿಲ್ಲ, ತೆಗೆದರು. 1990ರ ದಶಕದಲ್ಲಿ ಪ್ಯಾಕ್ಸ್‌ಮನ್ ತನ್ನದೇ ಹೊಸ ವಿಪಿ185 ಕೊಟ್ಟಿತು. ವ್ಯಾಲೆಂಟಾ ತಮ್ಮನ ಹಾಗಿದ್ದ ಇದು ಚೆನ್ನಾಗೇ ಓಡಿತು. ಮಿಡ್‌ಲ್ಯಾಂಡ್ ಮಾರ್ಗದವರು ತಮ್ಮ ರೈಲುಗಳಿಗೆ ಅದನ್ನೇ ಆರಿಸಿಕೊಂಡರು. ಆದರೆ ಗ್ರೇಟ್ ವೆಸ್ಟರ್ನ್ 2005ರಲ್ಲಿ ಎಂಟಿಯು 16ವಿ4000 ಕಡೆ ಹೋಯಿತು. ಈಸ್ಟ್ ಕೋಸ್ಟ್, ಕ್ರಾಸ್‌ಕಂಟ್ರಿ ಎಲ್ಲರೂ ಅದರ ಹಿಂದೆಯೇ ಹೋದರು. ಪ್ರಯಾಣಿಕರ ಸೇವೆಯಲ್ಲಿದ್ದ ಕೊನೆಯ ವ್ಯಾಲೆಂಟಾಗಳು 2010ರ ಡಿಸೆಂಬರಿನಲ್ಲಿ ವಿದಾಯ ಹೇಳಿದವು.

ನನ್ನ ನಿಯಮಕ್ಕೆ ಇದೇ ಅಪವಾದ. ಶೆಡ್ಡಿಗೆ ಗೊತ್ತಿದ್ದ ಪ್ಯಾಕ್ಸ್‌ಮನ್ ಬಿಟ್ಟು ಜರ್ಮನಿಯ ಎಂಜಿನ್ ಗೆದ್ದಿತು. ಯಾಕೆ? ಒಂದು, ಎಚ್‌ಎಸ್‌ಟಿಯಲ್ಲಿ ಮೊದಲಿನಿಂದಲೂ ಇದ್ದದ್ದು ಹೈ-ಸ್ಪೀಡ್ ಎಂಜಿನ್ನೇ. ಪವರ್ ಕಾರಿನ ತೂಕ 70 ಟನ್, ಆಕ್ಸಲ್‌ಗೆ ಹದಿನೇಳೂವರೆ ಟನ್. 200 ಕಿ.ಮೀ. ವೇಗಕ್ಕೆ ಹಗುರ ಇರಲೇಬೇಕು. ಹಾಗಾಗಿ ತೂಕ, ಅಳತೆ ಹೊಂದಿಸುವ ಕಷ್ಟ ಬರಲಿಲ್ಲ. ಎರಡು, ಕೆಲಸ ಬರೀ ಎಂಜಿನ್ನಿಗೆ ನಿಲ್ಲಲಿಲ್ಲ. ಹೊಸ ಕೂಲಿಂಗ್ ವ್ಯವಸ್ಥೆಯನ್ನೂ ಕೂಡಿಸಿದರು. ಮೂರು, ನೂರಕ್ಕೂ ಹೆಚ್ಚು ಎಂಜಿನ್ ಒಟ್ಟಿಗೆ ಬಂದವು. ಅಷ್ಟು ಸಂಖ್ಯೆ ಇದ್ದಾಗ ತರಬೇತಿ, ಬಿಡಿಭಾಗ, ಕಂಪನಿಯ ಬೆಂಬಲ ಎಲ್ಲವೂ ತಾನಾಗೇ ಬರುತ್ತದೆ. ನಿಮ್ಮಲ್ಲಿರುವುದು ಮೂರೇ ಲೋಕೋ ಆದರೆ ಈ ಮೂರನೇ ಕಾರಣ ಮರೆತುಬಿಡಿ.

ಗೂಡ್ಸ್ ಲೋಕೋಗೆ ತೂಕದ ಲೆಕ್ಕ ಉಲ್ಟಾ. 112.8 ಟನ್ ಲೋಕೋದಿಂದ ಎಂಟು ಟನ್ ಇಳಿದರೆ ಏಳು ಶೇಕಡಾ ಹಿಡಿತ ಹೋಯಿತು. ಆಮೇಲೆ ಉಕ್ಕಿನ ದಿಮ್ಮಿ ಇಟ್ಟು ತೂಕ ಸರಿದೂಗಿಸಬೇಕು. ಹಗುರದ ಎಂಜಿನ್ನಿಗೆ ದುಡ್ಡು ಕೊಟ್ಟು, ಭಾರಕ್ಕೆ ಮತ್ತೆ ದುಡ್ಡು ಕೊಡುವುದು. ಆದರೂ ಸಣ್ಣ ಲೋಕೋಗಳಿಗೆ, ಜಾಗ ಇಕ್ಕಟ್ಟಾದ ಕಡೆಗೆ ಇದೇ ಸರಿ. ಬ್ರಿಟನ್ನಿನ ಕ್ಲಾಸ್ 73ರ ಹಳೆ ಡೀಸೆಲ್ ಎಂಜಿನ್ ಬರೀ 600 ಎಚ್‌ಪಿಯದು. ಅದೇ ಪೆಟ್ಟಿಗೆಯಲ್ಲಿ 8 ಸಿಲಿಂಡರಿನ ಎಂಟಿಯು ಕೂರಿಸಿ 1,600 ಎಚ್‌ಪಿ ತೆಗೆದರು. ಮಧ್ಯಮ ವೇಗದ ಎಂಜಿನ್ ಅಲ್ಲಿ ಹಿಡಿಸುವುದೇ ಇಲ್ಲ.

ಮೂರು ಸಣ್ಣ ಎಂಜಿನ್

ಯೋಚನೆ ಚೆನ್ನಾಗಿದೆ. ಒಂದು ದೊಡ್ಡದರ ಬದಲು 700 ಎಚ್‌ಪಿಯ ಮೂರು ಎಂಜಿನ್. ಕೆಲಸ ಕಡಿಮೆ ಇದ್ದಾಗ ಒಂದೇ ಓಡುತ್ತದೆ, ಭಾರ ಬಂದಾಗ ಮಿಕ್ಕವೂ ಎದ್ದುಕೊಳ್ಳುತ್ತವೆ. ಅಮೆರಿಕದ ಎನ್‌ಆರ್‌ಇ ಕಂಪನಿ ಕಮ್ಮಿನ್ಸ್ ಕ್ಯೂಎಸ್‌ಕೆ19 ಎಂಜಿನ್ ಮೂರು ಇಟ್ಟು 2,100 ಎಚ್‌ಪಿಯ ಶಂಟಿಂಗ್ ಲೋಕೋ, ಅಂದರೆ ಯಾರ್ಡಿನಲ್ಲಿ ವ್ಯಾಗನ್ ತಳ್ಳುವ ಲೋಕೋ, ಕಟ್ಟಿತು. 2005ರ ನಂತರ ಕ್ಯಾಲಿಫೋರ್ನಿಯಾದ ಹೊಗೆ ನಿಯಮ, ಸರ್ಕಾರದ ಧನಸಹಾಯ ಎರಡೂ ಸೇರಿ ಬೇಡಿಕೆ ಜೋರಾಗಿಯೇ ಇತ್ತು.

ಯಾರ್ಡಿನಲ್ಲಿ ಕಥೆ ಬೇರೆಯಾಯಿತು. ಶಂಟಿಂಗ್‌ನಲ್ಲಿ ಭಾರ ಬರುವುದೂ ಹೋಗುವುದೂ ಕ್ಷಣದಲ್ಲಿ. ಡ್ರೈವರ್ ನಾಚ್ ಏರಿಸಿದಾಗ ಮಲಗಿದ್ದ ಎಂಜಿನ್ ಎದ್ದು ತಯಾರಾಗುವ ತನಕ ಕಾಯಬೇಕು. ಸ್ಟಾರ್ಟರ್‌ಗಳಿಗೆ ವಿರಾಮ ಇಲ್ಲ. ರೇಡಿಯೇಟರ್ ಮೂರು, ಫಿಲ್ಟರ್ ಸೆಟ್ ಮೂರು, ಅವುಗಳ ಮೇಲೆ ಒಂದು ಸಾಫ್ಟ್‌ವೇರ್. ಹತ್ತು ಹದಿನೈದು ವರ್ಷದಲ್ಲೇ ಹಲವನ್ನು ಪಕ್ಕಕ್ಕೆ ನಿಲ್ಲಿಸಿದರು. ಅವು ಯಾವುದರ ಜಾಗಕ್ಕೆ ಬರಬೇಕಿತ್ತೋ ಆ ಜಿಪಿ38-2ಗಳು ಇವತ್ತಿಗೂ ಯಾರ್ಡಿನಲ್ಲಿವೆ.

ಪಟಿಯಾಲಾದಲ್ಲೂ ಇದನ್ನು ಮಾಡಿ ನೋಡಿದ್ದಾರೆ. ಡಬ್ಲ್ಯುಡಿಎಂ-2ಜಿ ಅಂತ, ಮೂರು ಕಮ್ಮಿನ್ಸ್, ಒಟ್ಟು 2,400 ಎಚ್‌ಪಿ. ಎರಡೇ ಎರಡು ಕಟ್ಟಿ ನಿಲ್ಲಿಸಿದರು. ಎಪಿಯು ಇರುವ ಒಂದು ದೊಡ್ಡ ಎಂಜಿನ್ ಇದೇ ಉಳಿತಾಯದ ಬಹುಪಾಲನ್ನು ಕೊಡುವಾಗ ಇಷ್ಟು ಗೋಜಲು ಯಾಕೆ ಅನ್ನುವುದು ನನ್ನ ಪ್ರಶ್ನೆ.

ಡೀಸೆಲ್ಲೇ ಬೇಡ ಅಂದರೆ

ವಾರಾಣಸಿಯಲ್ಲಿ ಎರಡು ಡಬ್ಲ್ಯುಡಿಜಿ-3ಎ ಡೀಸೆಲ್ ಲೋಕೋಗಳನ್ನು 10,000 ಎಚ್‌ಪಿಯ ಜೋಡಿ ಎಲೆಕ್ಟ್ರಿಕ್ ಲೋಕೋ ಮಾಡಿದರು. ಕೆಲಸ ಮುಗಿದದ್ದು 69 ದಿನದಲ್ಲಿ, 2019ರ ಫೆಬ್ರವರಿಯಲ್ಲಿ ಪ್ರಧಾನಿಯಿಂದ ಹಸಿರು ನಿಶಾನೆ. ಎಂಜಿನಿಯರಿಂಗ್ ಆಗಿ ಭೇಷ್ ಅನ್ನಬೇಕು. ಆದರೆ ಅದು ದೊಡ್ಡ ಕಾರ್ಯಕ್ರಮವಾಗಲಿಲ್ಲ. ಹೊಸ ಎಲೆಕ್ಟ್ರಿಕ್ ಲೋಕೋಗಳು ಚಿತ್ತರಂಜನ್, ವಾರಾಣಸಿ, ಪಟಿಯಾಲಾ ಮೂರೂ ಕಡೆ ವರ್ಷಕ್ಕೆ ನೂರಾರು ತಯಾರಾಗುವಾಗ ಹಳೆ ಚೌಕಟ್ಟಿಗೆ ಅಂಟಿಕೊಳ್ಳುವ ಅಗತ್ಯ ಕಡಿಮೆ. ಕ್ಲಾಸ್ 57ರ ಕಥೆಯೇ ಇಲ್ಲೂ.

ಬ್ಯಾಟರಿ ಲೋಕೋ ಶಂಟಿಂಗ್‌ಗೆ ಹತ್ತಿರ ಬರುತ್ತಿದೆ. ಮೇನ್ ಲೈನಿನಲ್ಲಿ ವಾಬ್‌ಟೆಕ್ 2021ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡೀಸೆಲ್ ಲೋಕೋಗಳ ನಡುವೆ ಬ್ಯಾಟರಿ ಲೋಕೋ ಸೇರಿಸಿ ಇಡೀ ರೈಲಿಗೆ 11 ಶೇಕಡಾ ಇಂಧನ ಉಳಿಸಿ ತೋರಿಸಿತು. ಹೈಡ್ರೋಜನ್ ಇನ್ನೂ ಪ್ರಯೋಗದ ಹಂತದಲ್ಲಿದೆ. ಇವತ್ತು ದುಡ್ಡು ಹಾಕುವವರು ಅದನ್ನು ಪಟ್ಟಿಯಲ್ಲಿ ಸೇರಿಸುವ ಅವಸರ ಬೇಡ.

ಕೊಟೇಶನ್‌ನಲ್ಲಿ ಕಾಣದ ಖರ್ಚು

ಎಂಜಿನ್ನಿನ ಬೆಲೆ ಎಲ್ಲರೂ ಕೇಳುತ್ತಾರೆ. ಅದನ್ನು ಕೂರಿಸುವ ಕೆಲಸ ಎಷ್ಟು ಸೂಕ್ಷ್ಮ ಅನ್ನುವುದು ಶೆಡ್ಡಿನಲ್ಲಿ ನಿಂತು ನೋಡಿದವರಿಗೇ ಗೊತ್ತು.

ಆಲ್ಕೋದಲ್ಲಿ ಜನರೇಟರಿನ ತಿರುಗುವ ಭಾಗ ನೇರವಾಗಿ ಕ್ರ್ಯಾಂಕ್‌ಶಾಫ್ಟ್ ತುದಿಗೆ ಬೋಲ್ಟ್ ಆಗಿರುತ್ತದೆ. ಅದಕ್ಕೆ ಹೊರಗಡೆ ಮಾತ್ರ ಒಂದು ಬೇರಿಂಗ್, ಇನ್ನೊಂದು ತುದಿಯ ಭಾರ ಎಂಜಿನ್ನಿನ ಮೇಲೆಯೇ. ಕ್ರೇನಿನಲ್ಲಿ ಇಳಿಸಿ ಬೋಲ್ಟ್ ಬಿಗಿದ ಮೇಲೆ ಕ್ರ್ಯಾಂಕ್‌ಕೇಸಿನ ಬಾಗಿಲು ತೆಗೆದು, ಕ್ರ್ಯಾಂಕಿನ ಎರಡು ವೆಬ್‌ಗಳ (ತೋಳುಗಳ) ನಡುವೆ ಡಯಲ್ ಗೇಜ್ ಸಿಗಿಸುತ್ತಾರೆ. ಒಬ್ಬರು ನಿಧಾನ ಎಂಜಿನ್ ತಿರುಗಿಸುತ್ತಾರೆ, ಇನ್ನೊಬ್ಬರು ಬಗ್ಗಿ ಟಾರ್ಚ್ ಹಿಡಿದು ಮುಳ್ಳು ಎಷ್ಟು ಅಲುಗಿತು ಅಂತ ಓದುತ್ತಾರೆ. ಜನರೇಟರ್ ಕೂದಲೆಳೆಯಷ್ಟು ಕೆಳಗೆ ಕೂತಿದ್ದರೂ ವೆಬ್‌ಗಳು ಪ್ರತಿ ಸುತ್ತಿಗೂ ತೆರೆದು ಮುಚ್ಚುತ್ತವೆ. ಆಗ ಕೆಳಗೆ ತೆಳು ತಗಡಿನ ಶಿಮ್ ಸೇರಿಸು, ಮತ್ತೆ ಬಿಗಿ, ಮತ್ತೆ ತಿರುಗಿಸು. ಹಾಗೇ ಬಿಟ್ಟರೆ ಒಂದು ದಿನ ಕ್ರ್ಯಾಂಕ್‌ಶಾಫ್ಟ್ ಮುರಿಯುತ್ತದೆ. ಬೇರೆ ಕಂಪನಿಯ ಎಂಜಿನ್ನಿಗೆ ಹಳೆ ಜನರೇಟರ್ ಜೋಡಿಸುವುದಾದರೆ ಕಪ್ಲಿಂಗ್, ಪೀಠ, ಎತ್ತರ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಬೇಕು. ವೇಗವೇ ಬೇರೆಯಾದರೆ ಆಲ್ಟರ್ನೇಟರೂ ಹೊಸದು ಬೇಕಾಗುತ್ತದೆ.

ಎರಡನೇ ಗುಪ್ತ ಖರ್ಚು ರೇಡಿಯೇಟರ್. ಹೊಸ ಎಂಜಿನ್‌ಗಳು ಟರ್ಬೋ ಗಾಳಿಯನ್ನು ಹೆಚ್ಚು ತಣ್ಣಗೆ ಬೇಡುತ್ತವೆ. ಯುರೋಪಿನ ಚಳಿಗೆ ಮಾಡಿದ ಲೆಕ್ಕ ರಾಯಚೂರಿನ ಮೇ ತಿಂಗಳಿಗೆ ಸಾಲದು. ಸುತ್ತಲಿನ ಉಷ್ಣಾಂಶ ಎಷ್ಟಿದ್ದಾಗ ಪೂರ್ತಿ ಪವರ್ ಗ್ಯಾರಂಟಿ ಅಂತ ಬರೆಸಿಕೊಳ್ಳಿ. 47 ಡಿಗ್ರಿ ಅಂತ ಬರೆಯದವರನ್ನು ನಂಬಬೇಡಿ.

ಮೂರನೆಯದು ಡಯಾಗ್ನೋಸ್ಟಿಕ್ ಲ್ಯಾಪ್‌ಟಾಪ್. ಎಲೆಕ್ಟ್ರಾನಿಕ್ ಎಂಜಿನ್ನಿನ ಸಾಫ್ಟ್‌ವೇರ್ ಲೈಸೆನ್ಸ್ ಯಾರ ಹೆಸರಿನಲ್ಲಿ ಇರುತ್ತದೆ, ವರ್ಷಕ್ಕೆ ಎಷ್ಟು ಕೊಡಬೇಕು, ಅದಿಲ್ಲದೆ ಇಂಜೆಕ್ಟರ್ ಬದಲಿಸಲು ಆಗುತ್ತದಾ? ಈ ಮೂರು ಪ್ರಶ್ನೆಗೆ ಉತ್ತರ ಬರುವ ತನಕ ಅಡ್ವಾನ್ಸ್ ಕೊಡಬೇಡಿ.

ಯಾರಿಗೆ ಯಾವುದು

ದೇಶದ ಬ್ರಾಡ್‌ಗೇಜ್ ಹಳಿ ಬಹುಪಾಲು ವಿದ್ಯುದೀಕರಣ ಆಗಿರುವುದರಿಂದ ರೈಲ್ವೆಗೆ ಈ ಪ್ರಶ್ನೆ ಈಗ ಅಷ್ಟು ಬಿಸಿಯಾಗಿಲ್ಲ. ಬಿಸಿಯಾಗಿರುವುದು ಕಾರ್ಖಾನೆಗಳ ಸ್ವಂತ ಹಳಿಗಳಲ್ಲಿ, ಅಂದರೆ ಸೈಡಿಂಗ್‌ಗಳಲ್ಲಿ. ಬಳ್ಳಾರಿ ಕಡೆಯ ಉಕ್ಕು, ಕಲಬುರಗಿ ಕಡೆಯ ಸಿಮೆಂಟ್, ವಿದ್ಯುತ್ ಸ್ಥಾವರದ ಕಲ್ಲಿದ್ದಲು, ಬಂದರು ಇಂಥ ಕಡೆ ಡೀಸೆಲ್ ಶಂಟರ್ ಬೇಕೇ ಬೇಕು. ವ್ಯಾಗನ್ ತುಂಬುವ ಜಾಗದಲ್ಲಿ ಮೇಲೆ ತಂತಿ ಎಳೆಯಲು ಆಗುವುದಿಲ್ಲ.

ನಿಮ್ಮಲ್ಲಿ ಡಬ್ಲ್ಯುಡಿಎಸ್-6 ಶಂಟರ್ ಇದ್ದರೆ ಅದರೊಳಗೆ ಇರುವುದು ಆರು ಸಿಲಿಂಡರಿನ ಆಲ್ಕೋ 251. ಒಂದೆರಡೇ ಲೋಕೋ ಇದೆ, ಆಲ್ಕೋ ಗೊತ್ತಿರುವ ನಿವೃತ್ತ ರೈಲ್ವೆ ಮೇಸ್ತ್ರಿ ಸಿಗುತ್ತಾರೆ ಅಂದರೆ ಓವರ್‌ಹಾಲ್ ಮತ್ತು ಎಪಿಯು ಸಾಕು. ರೈಲ್ವೆ ತನ್ನ ಆಲ್ಕೋಗಳನ್ನು ಗುಜರಿಗೆ ಹಾಕುತ್ತಿರುವಾಗ ಬಿಡಿಭಾಗ ಸದ್ಯಕ್ಕೆ ಧಾರಾಳ. ಆದರೆ ಹತ್ತು ವರ್ಷದ ಆಚೆಗೆ ಆ ಮೇಸ್ತ್ರಿಗಳೂ ಇರುವುದಿಲ್ಲ, ಆ ಸ್ಟಾಕೂ ಇರುವುದಿಲ್ಲ. ಇನ್ನೂ ಇಪ್ಪತ್ತು ವರ್ಷ ಓಡಿಸಬೇಕು ಅನ್ನುವವರು ಹೈ-ಸ್ಪೀಡ್ ಎಂಜಿನ್ ಕಡೆ ನೋಡುವುದು ಲೇಸು, ಅದರಲ್ಲೂ ನಿಮ್ಮ ಗಣಿ ಲಾರಿಗೋ ಜನರೇಟರಿಗೋ ಈಗಾಗಲೇ ಇರುವ ಬ್ರ್ಯಾಂಡ್. ಕಾರ್ಖಾನೆಯಲ್ಲಿ ಕಮ್ಮಿನ್ಸ್ ಡಿಜಿ ಸೆಟ್ ಇದ್ದು ಅದರ ಸರ್ವೀಸ್ ಹುಡುಗರು ತಿಂಗಳಿಗೊಮ್ಮೆ ಬರುತ್ತಾರೆ ಅಂದರೆ ಲೋಕೋಗೂ ಕಮ್ಮಿನ್ಸ್ ಹಾಕಿಸಿ. ಕ್ಯಾಟರ್‌ಪಿಲ್ಲರ್ ಇದ್ದರೆ ಕ್ಯಾಟರ್‌ಪಿಲ್ಲರ್. ಎರಡು ಶೇಕಡಾ ಮೈಲೇಜ್ ವ್ಯತ್ಯಾಸಕ್ಕೆ ಮೂರನೇ ಬ್ರ್ಯಾಂಡ್ ತರಬೇಡಿ. ಶಂಟರ್‌ಗೆ ತೂಕ ಮುಖ್ಯ, ಹಾಗಾಗಿ ಉಕ್ಕಿನ ದಿಮ್ಮಿಯ ಖರ್ಚನ್ನು ಕೊಟೇಶನ್‌ನಲ್ಲೇ ಸೇರಿಸಿ ಕೇಳಿ.

ಇಎಂಡಿ ಎಂಜಿನ್ನಿನ ಲೋಕೋ ಇರುವವರಿಗೆ ಇಎಂಡಿ ಬಿಟ್ಟು ಹೋಗಲು ಕಾರಣವೇ ಕಾಣುವುದಿಲ್ಲ.

ಇವೆಲ್ಲದಕ್ಕೂ ಮೊದಲು ಚೌಕಟ್ಟು ಮತ್ತು ಬೋಗಿಗೆ ಅಲ್ಟ್ರಾಸಾನಿಕ್ ಪರೀಕ್ಷೆ ಮಾಡಿಸಿ. ಬೋಗಿಯ ಬೆಸುಗೆ ಜಾಗ, ಸೆಂಟರ್ ಪಿವಟ್ ಸುತ್ತ, ಕಪ್ಲರ್ ಹಿಂದಿನ ಪೆಟ್ಟಿಗೆ ಈ ಮೂರು ಕಡೆ ಬಿರುಕು ಹುಡುಕಬೇಕು. ಪರೀಕ್ಷೆಯನ್ನು ಎಂಜಿನ್ ಮಾರುವವರ ಕೈಗೆ ಕೊಡದೆ ಹೊರಗಿನವರಿಂದ ಮಾಡಿಸಿ. ಕಪ್ಲರ್ ಪೆಟ್ಟಿಗೆಯ ಹಿಂದೆ ಬಿರುಕು ಸಿಕ್ಕಿದರೆ ಕೊಟೇಶನ್‌ಗಳನ್ನೆಲ್ಲ ಮಡಚಿಟ್ಟು ಹೊಸ ಶಂಟರ್‌ಗೆ ಬೆಲೆ ಕೇಳಿ.